ನಾಲ್ಕು ಸಲ ಓದಿದರೂ ಪರೀಕ್ಷೆಯಲ್ಲಿ ಯಾಕೆ ನೆನಪಾಗುವುದಿಲ್ಲ?

ಪ್ರಶ್ನೆ: ಸರ್, ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಿಂದ ದಿನಾ ದಾವಣಗೆರೆಗೆ ಬಂದು ಬಿ.ಕಾಂ. ಓದುತ್ತಿದ್ದೇನೆ. ಎರಡನೇ ಸೆಮಿಸ್ಟರ್. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಬಸ್ಸಲ್ಲಿ ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು. ರಾತ್ರಿ ಹನ್ನೊಂದರವರೆಗೆ ಕೂತು ಓದುತ್ತೇನೆ. ಮುಖ್ಯವಾದದ್ದಕ್ಕೆಲ್ಲ ಹೈಲೈಟರ್ ಹಾಕುತ್ತೇನೆ. ನೋಟ್ಸನ್ನು ನಾಲ್ಕು ಸಲ ಓದುತ್ತೇನೆ. ಓದುವಾಗ ಎಲ್ಲ ಅರ್ಥ ಆಗುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದರೆ ತಲೆ ಖಾಲಿ. ಮೊದಲ ಸೆಮಿಸ್ಟರ್‌ನಲ್ಲಿ ಅಕೌಂಟ್ಸ್ ಹೋಯಿತು, ಅದನ್ನೂ ಈ ಸಲ ಕಟ್ಟಿದ್ದೇನೆ. ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದು ಅನ್ನುತ್ತಾರೆ. ನನ್ನ ತಲೆಯೇ ಇಷ್ಟೇನಾ? ಪರೀಕ್ಷೆಗೆ ಇನ್ನು ಐದು ವಾರ ಇದೆ. ಏನು ಮಾಡಲಿ?

ಉತ್ತರ: ತಲೆಯೇ ಇಷ್ಟೇನಾ ಅಂತ ಕೇಳಿದ್ದೀಯಲ್ಲಮ್ಮಾ, ಮೊದಲು ಅದಕ್ಕೆ ಉತ್ತರ ಹೇಳುತ್ತೇನೆ. ಖಂಡಿತ ಅಲ್ಲ. ದಿನಕ್ಕೆ ಮೂರು ಗಂಟೆ ಬಸ್ಸಲ್ಲಿ ಕಳೆದು, ಮನೆಗೆ ಬಂದು ಹನ್ನೊಂದರವರೆಗೆ ಓದುವವಳಿಗೆ ಶ್ರದ್ಧೆಯೂ ಕಡಿಮೆ ಇಲ್ಲ, ಬುದ್ಧಿಯೂ ಕಡಿಮೆ ಇಲ್ಲ. ತೊಂದರೆ ಇರುವುದು ಓದುವ ರೀತಿಯಲ್ಲಿ. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿಲ್ಲ. ಏನು ಓದಬೇಕು ಅಂತ ನಾವು ಮೇಷ್ಟ್ರುಗಳು ಹೇಳುತ್ತೇವೆ. ಯಾವುದು ಇಂಪಾರ್ಟೆಂಟ್ ಅಂತಲೂ ಹೇಳುತ್ತೇವೆ. ಹೇಗೆ ಓದಬೇಕು ಅನ್ನುವುದಕ್ಕೆ ಮಾತ್ರ ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ಡೂ ಇರುವುದಿಲ್ಲ.

ನಿನ್ನ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು, 'ಓದುವಾಗ ಎಲ್ಲ ಅರ್ಥ ಆಗುತ್ತದೆ' ಅನ್ನುವುದು. ಗಂಟು ಇರುವುದು ಅಲ್ಲೇ. ನೋಟ್ಸ್ ಕಣ್ಣ ಮುಂದೆ ಇದ್ದಾಗ ಎಲ್ಲವೂ ಗೊತ್ತಿರುವ ಹಾಗೇ ಕಾಣುತ್ತದೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಯದವು. ಮೂರನೇ ಸಲಕ್ಕೆ ಇನ್ನೂ ಸಲೀಸು. ಆ ಸಲೀಸನ್ನೇ ನಾವು 'ಬಂತು' ಅಂದುಕೊಂಡುಬಿಡುತ್ತೇವೆ. ಪರೀಕ್ಷೆಯಲ್ಲಿ ನೋಟ್ಸ್ ಇರುವುದಿಲ್ಲ, ಖಾಲಿ ಹಾಳೆ ಇರುತ್ತದೆ. ನೋಡಿ ಗುರುತು ಹಿಡಿಯುವುದು ಬೇರೆ, ನೋಡದೆ ಹೊರಗೆ ತೆಗೆಯುವುದು ಬೇರೆ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತು ದೋಸೆ ಹುಯ್ಯುವುದನ್ನು ನೂರು ಸಲ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಸೌಟು ಕೈಗೆ ಕೊಟ್ಟರೆ ಮೊದಲ ದೋಸೆಯೇ ಹರಿದುಹೋಗುತ್ತದೆ. ನೀನು ನಾಲ್ಕು ಸಲ ಮಾಡಿದ್ದು ನೋಡುವ ಕೆಲಸ. ಪರೀಕ್ಷೆ ಕೇಳುವುದು ಹುಯ್ಯುವ ಕೆಲಸ.

ಇದು ನನ್ನ ಊಹೆ ಅಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಓದಲು ಕೊಟ್ಟಿದ್ದು ಸಣ್ಣ ಪಾಠಗಳು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿ ಬಗ್ಗೆ. ಒಂದು ಗುಂಪಿನವರು ನಾಲ್ಕು ಸುತ್ತು ಬರೀ ಓದಿದರು. ಇನ್ನೊಂದು ಗುಂಪಿನವರು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಬರೀ ಓದಿದವರೇ ಮುಂದೆ. ಅವರಿಗೆ ಶೇಕಡ 83ರಷ್ಟು ನೆನಪಿತ್ತು, ಬರೆದವರಿಗೆ 71. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿತ್ತು. ಬರೀ ಓದಿದವರಿಗೆ ಉಳಿದದ್ದು 40, ಬರೆದವರಿಗೆ 61. ಇನ್ನೊಂದು ವಿಷಯ ಕೇಳು. ವಾರದ ನಂತರ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ, ಜಾಸ್ತಿ ಧೈರ್ಯದಿಂದ ಹೇಳಿದವರು ಬರೀ ಓದಿದವರೇ. ಹಿಂದಿನ ರಾತ್ರಿ ಓದಿ 'ಎಲ್ಲ ಬಂತು' ಅಂತ ಮಲಗಿ, ಹಾಲ್‌ನಲ್ಲಿ ಬೆವರುವುದು ನಿನ್ನೊಬ್ಬಳ ಕಥೆ ಅಲ್ಲ ಅಂತ ಹೇಳುವುದಕ್ಕೆ ಇಷ್ಟು ಬರೆದೆ.

ಹಾಗಾದರೆ ಮಾಡುವುದು ಏನು? ಒಂದು ಸಲ ಗಮನವಿಟ್ಟು ಓದು. ಇಡೀ ಯೂನಿಟ್ ಅಲ್ಲ, ಎರಡು ಮೂರು ಪುಟ. ಪುಸ್ತಕ ಮುಚ್ಚು. ಖಾಲಿ ಹಾಳೆ ತಗೊಂಡು ಏನೇನು ನೆನಪಿದೆಯೋ ಎಲ್ಲ ಬರೆ. ಅಕ್ಷರ ಚೆನ್ನಾಗಿರಬೇಕಾಗಿಲ್ಲ, ವಾಕ್ಯ ಪೂರ್ತಿ ಇರಬೇಕಾಗಿಲ್ಲ. ಒಂದು ಕಡೆ ನಿಂತುಹೋಗುತ್ತದೆ. ಅಲ್ಲಿ ತಕ್ಷಣ ಪುಸ್ತಕ ತೆಗೆಯಬೇಡ. ಒಂದೆರಡು ನಿಮಿಷ ಒದ್ದಾಡು. ಆ ಒದ್ದಾಟ ವ್ಯರ್ಥ ಅಲ್ಲ, ನೆನಪು ಗಟ್ಟಿಯಾಗುವುದು ಆಗಲೇ. ಆಮೇಲೆ ಪುಸ್ತಕ ತೆಗೆದು, ಬಿಟ್ಟಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸು. ಮುಂದಿನ ಸಲ ಓದಬೇಕಾದದ್ದು ಆ ಬಣ್ಣದಲ್ಲಿರುವುದನ್ನು ಮಾತ್ರ. ಬಂದಿದ್ದನ್ನೇ ಮತ್ತೆ ಮತ್ತೆ ಓದಿ ಹೊತ್ತು ಕಳೆಯುವುದು ತಪ್ಪುತ್ತದೆ.

ಮೊದಲ ದಿನ ಬೇಜಾರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮೂರು ಪುಟ ಓದಿ ಐದು ಸಾಲು ಬರೆಯಲು ಆಗದಿದ್ದಾಗ 'ನನಗೆ ಏನೂ ಬರಲ್ಲ' ಅನಿಸುತ್ತದೆ. ಆ ಐದು ಸಾಲು ನಿನ್ನ ನಿಜವಾದ ಲೆಕ್ಕ. ಅದು ಮನೆಯಲ್ಲಿ, ಐದು ವಾರ ಮೊದಲೇ ಗೊತ್ತಾಗುವುದು ಒಳ್ಳೆಯದಲ್ವಾ? ವಾರ ಕಳೆಯುವಷ್ಟರಲ್ಲಿ ಐದು ಸಾಲು ಒಂದು ಪುಟ ಆಗುತ್ತದೆ.

ಹೈಲೈಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಅವರ ಜೊತೆಗಾರರು ಓದಿನ ಹತ್ತು ವಿಧಾನಗಳ ಮೇಲೆ ಅಲ್ಲಿಯವರೆಗೆ ಬಂದಿದ್ದ ಸಂಶೋಧನೆಯನ್ನೆಲ್ಲ ಜಾಲಾಡಿ ನೋಡಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿಗೆ ಬಿದ್ದವು. ಮೇಲೆ ಬಂದಿದ್ದು ಎರಡೇ. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು ಒಂದು. ಓದನ್ನು ದಿನಗಳ ಮೇಲೆ ಹಂಚಿ ಹಾಕುವುದು ಇನ್ನೊಂದು. ಗೆರೆ ಎಳೆಯುವುದು ಪಾಪ ಅಂತ ನಾನು ಹೇಳುತ್ತಿಲ್ಲ. ಎಳೆದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡ ಅಷ್ಟೆ.

ಈಗ ನಿನ್ನ ಅಕೌಂಟ್ಸ್‌ಗೆ ಬರೋಣ. ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಕಾಮರ್ಸ್ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಲೆಕ್ಕವನ್ನು ಮಾಡದೆ, ಮಾಡಿರುವ ಲೆಕ್ಕವನ್ನು ಓದುತ್ತಾರೆ. ಡಿಪ್ರಿಸಿಯೇಶನ್ ತಗೋ, ಅಂದರೆ ಬಳಸುತ್ತ ಹೋದಂತೆ ವಸ್ತುವಿನ ಬೆಲೆ ಇಳಿಯುವ ಸವಕಳಿ. ಒಂದು ಲಕ್ಷ ರೂಪಾಯಿಯ ಮೆಷಿನ್, ಶೇಕಡ 10 ಸವಕಳಿ. ಸ್ಟ್ರೈಟ್ ಲೈನ್ ಆದರೆ ಪ್ರತಿ ಸಲವೂ ಕೊಂಡ ಬೆಲೆಯ ಮೇಲೇ ಲೆಕ್ಕ, ವರ್ಷಕ್ಕೆ 10,000. ಡಿಮಿನಿಷಿಂಗ್ ಬ್ಯಾಲೆನ್ಸ್ ಆದರೆ ಸವಕಳಿ ಕಳೆದು ಉಳಿದ ಬೆಲೆಯ ಮೇಲೆ ಲೆಕ್ಕ, ಮೊದಲ ವರ್ಷ 10,000, ಎರಡನೇ ವರ್ಷ 9,000, ಮೂರನೇ ವರ್ಷ 8,100. ಓದಿದರೆ ಎರಡು ನಿಮಿಷದ ಕೆಲಸ, ಎಲ್ಲ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಮೆಷಿನನ್ನು ಏಪ್ರಿಲ್ 1ರ ಬದಲು ಅಕ್ಟೋಬರ್ 1ಕ್ಕೆ ಕೊಂಡರು ಅಂತ ಕೊಡುತ್ತಾರೆ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಂದರೆ ಮೊದಲ ವರ್ಷಕ್ಕೆ ಆರೇ ತಿಂಗಳು, ಸವಕಳಿ 5,000. ಡಿಮಿನಿಷಿಂಗ್ ಬ್ಯಾಲೆನ್ಸ್‌ನಲ್ಲಿ ಎರಡನೇ ವರ್ಷಕ್ಕೆ 95,000 ಮೇಲೆ 9,500, ಮೂರನೇ ವರ್ಷಕ್ಕೆ 85,500 ಮೇಲೆ 8,550. ಈ ಆರು ತಿಂಗಳನ್ನು ಮರೆತರೆ ಕೊನೆವರೆಗೆ ಒಂದು ಬ್ಯಾಲೆನ್ಸೂ ಸರಿ ಬರುವುದಿಲ್ಲ. ಬಿಡಿಸಿದ ಲೆಕ್ಕ ಓದುವಾಗ ಆ ತಾರೀಖಿನ ಮೇಲೆ ಕಣ್ಣು ಸುಮ್ನೆ ಹಾದುಹೋಗುತ್ತದೆ. ನೀನೇ ಮಾಡಿ, ತಪ್ಪಿ, ಉತ್ತರದ ಜೊತೆ ತಾಳೆ ನೋಡಿದರೆ ಮುಂದಿನ ಸಲ ಕೈ ಮೊದಲು ತಾರೀಖಿನ ಹತ್ತಿರ ಹೋಗುತ್ತದೆ.

ಆದ್ದರಿಂದ ಉತ್ತರದ ಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಪ್ರಶ್ನೆ ಮಾತ್ರ ನೋಡಿ, ಲೆಡ್ಜರ್ ಹಾಕಿ, ಕೊನೆವರೆಗೆ ಮಾಡು. ಎಲ್ಲಿ ನಿಂತೆಯೋ ಅಲ್ಲಿ ಒಂದು ಸಾಲು ಮಾತ್ರ ತೆಗೆದು ನೋಡು, ಮತ್ತೆ ಮುಚ್ಚು. ಎಂಟ್ರಿಗಳನ್ನೂ ಹಾಗೇ. ಡಿಪ್ರಿಸಿಯೇಶನ್ ಅಕೌಂಟ್ ಡೆಬಿಟ್, ಟು ಮೆಷಿನರಿ ಅಕೌಂಟ್ ಅಂತ ಉರು ಹೊಡೆಯುವ ಮೊದಲು, ಡೆಬಿಟ್ ಯಾಕೆ ಅಂತ ನಿನಗೆ ನೀನೇ ಹೇಳಿಕೋ. ಸವಕಳಿ ಒಂದು ಖರ್ಚು, ಖರ್ಚು ಜಾಸ್ತಿಯಾದರೆ ಡೆಬಿಟ್. ಮೆಷಿನ್ ಒಂದು ಆಸ್ತಿ, ಅದರ ಬೆಲೆ ಇಳಿಯಿತು, ಆದ್ದರಿಂದ ಕ್ರೆಡಿಟ್. ಕಾರಣ ಗೊತ್ತಿದ್ದರೆ ಎಂಟ್ರಿ ಮರೆತರೂ ಹಾಲ್‌ನಲ್ಲಿ ಕೂತು ಮತ್ತೆ ಕಟ್ಟಬಹುದು.

ಲೆಕ್ಕಗಳನ್ನು ಬೆರೆಸಿ ಮಾಡು. ಒಂದೇ ಅಧ್ಯಾಯದ ಹತ್ತು ಲೆಕ್ಕ ಒಟ್ಟಿಗೆ ಮಾಡಿದರೆ ಎರಡನೆಯದರಿಂದಲೇ ಕೈ ತಾನಾಗಿ ಓಡುತ್ತದೆ, ತಲೆ ಓಡುವುದಿಲ್ಲ. ಯಾವ ವಿಧಾನ ಅಂತ ನೀನು ಆರಿಸಬೇಕಾಗೇ ಇಲ್ಲ, ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಆಕಾರಗಳ ಘನಫಲ ಕಂಡುಹಿಡಿಯುವ ಲೆಕ್ಕ ಕೊಟ್ಟರು. ಒಂದೊಂದು ಬಗೆಯನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇಕಡ 89 ಸರಿ ಮಾಡಿದರು. ಬೆರೆಸಿ ಮಾಡಿದವರು 60 ಅಷ್ಟೆ. ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಒಟ್ಟಿಗೆ ಮಾಡಿದವರು 20ಕ್ಕೆ ಇಳಿದಿದ್ದರು, ಬೆರೆಸಿದವರು 63ರಲ್ಲಿ ನಿಂತಿದ್ದರು. ಮೊದಲ ಸಲ ಕಲಿಯುವಾಗ ಒಂದೇ ಬಗೆಯವು ಮೂರು ನಾಲ್ಕು ಮಾಡು, ತೊಂದರೆ ಇಲ್ಲ. ಆಮೇಲೆ ಕನ್‌ಸೈನ್‌ಮೆಂಟ್ ಒಂದು, ಡಿಪ್ರಿಸಿಯೇಶನ್ ಒಂದು, ಹೈರ್ ಪರ್ಚೇಸ್ ಒಂದು, ಹೀಗೆ ಕಲೆಸು. ಸುಲಭದ ದಾರಿ ಅಂದರೆ ಹಳೇ ಪ್ರಶ್ನೆಪತ್ರಿಕೆ. ಕಾಲೇಜು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಲೈಬ್ರರಿಯಲ್ಲೂ ಇಟ್ಟಿರುತ್ತಾರೆ. ಅದನ್ನು 'ಈ ಸಲ ಯಾವುದು ಬರಬಹುದು' ಅಂತ ಊಹಿಸಲು ಇಟ್ಟುಕೊಳ್ಳಬೇಡ. ಗಡಿಯಾರ ಇಟ್ಟುಕೊಂಡು ಕೂತು ಬರೆಯಲು ಇಟ್ಟುಕೋ.

ಇನ್ನು ಬಸ್ಸು. ಆ ಮೂರು ಗಂಟೆ ಹಾಳು ಅಂತ ನೀನು ಅಂದುಕೊಂಡಿದ್ದೀಯ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ, ಸಿಕ್ಕರೂ ಕುಲುಕಾಟದಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ, ನಿಜ. ಆದರೆ ನೆನಪು ಮಾಡಿಕೊಳ್ಳುವುದಕ್ಕೆ ಪುಸ್ತಕ ಬೇಡ. ಕಂಬಿ ಹಿಡಿದು ನಿಂತುಕೊಂಡೇ ಮಾಡಬಹುದು. ನಿನ್ನೆ ರಾತ್ರಿ ಓದಿದ್ದು ಏನು? ಅದರಲ್ಲಿ ಎಷ್ಟು ಅಂಶ ಇದ್ದವು? ಮೂರನೆಯದು ಯಾವುದು? ಹತ್ತು ನಿಮಿಷ ಸಾಕು. ಸಂಜೆ ವಾಪಸ್ ಬರುವಾಗ ಅವತ್ತಿನ ಕ್ಲಾಸ್ ಒಂದೊಂದಾಗಿ ನೆನೆಸಿಕೋ. ಉಳಿದ ಹೊತ್ತು ಕಿಟಕಿ ಹೊರಗೆ ನೋಡು, ಗೆಳತಿಯರ ಜೊತೆ ಮಾತಾಡು. ಅದೂ ಬೇಕು.

ಜೊತೆಗೆ ಚೀಟಿ ಮಾಡಿಕೋ. ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳು ಬಿದ್ದಿರುತ್ತವಲ್ಲ, ಒಂದು ಕಡೆ ಖಾಲಿ ಇರುವಂಥವು. ಅವನ್ನು ಬಸ್ ಪಾಸ್ ಅಳತೆಗೆ ಕತ್ತರಿಸಿ, ಅಚ್ಚಿರುವ ಕಡೆ ಬಿಳಿ ಹಾಳೆ ಅಂಟಿಸು. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಎರಡು ಮಾರ್ಕಿನ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ ಇಂಥ ಚೀಟಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುವ ಪದ್ಧತಿಯನ್ನು ಬಳಕೆಗೆ ತಂದರು. ನಿನಗೆ ಮೂರು ರಬ್ಬರ್ ಬ್ಯಾಂಡ್ ಸಾಕು. ಹೊಸದು, ತಪ್ಪಿದ್ದು ಮೊದಲ ಕಟ್ಟಿನಲ್ಲಿ, ದಿನಾ ನೋಡಬೇಕು. ಸರಿ ಹೇಳಿದ್ದು ಎರಡನೇ ಕಟ್ಟಿಗೆ ಹೋಗುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಹೇಳಿದರೆ ಮೂರನೆಯದಕ್ಕೆ, ಅದು ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲ ಕಟ್ಟಿಗೆ. ಉತ್ತರ ಬಾಯಲ್ಲಿ ಹೇಳಿದ ಮೇಲೇ ಚೀಟಿ ತಿರುಗಿಸು, ಇದೊಂದನ್ನು ಕಟ್ಟುನಿಟ್ಟಾಗಿ ಪಾಲಿಸು.

ಹೀಗೆ ಬಿಟ್ಟು ಬಿಟ್ಟು ಯಾಕೆ ನೋಡಬೇಕು ಅಂತ ಕೇಳಬಹುದು. ಮರೆವು ಮೊದಲ ಕೆಲವು ಗಂಟೆಯಲ್ಲೇ ಜಾಸ್ತಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು ಇದನ್ನು ಅಳೆದು 1885ರಲ್ಲೇ ಪ್ರಕಟಿಸಿದ್ದರು. ಸ್ವಲ್ಪ ಮರೆಯಲು ಬಿಟ್ಟು, ಪೂರ್ತಿ ಮರೆಯುವ ಮೊದಲು ಎಳೆದು ತಂದರೆ ನೆನಪು ಮೊದಲಿಗಿಂತ ಜಾಸ್ತಿ ದಿನ ನಿಲ್ಲುತ್ತದೆ. ಒಂದು ವಿಷಯಕ್ಕೆ ಭಾನುವಾರ ನಾಲ್ಕು ಗಂಟೆ ಕೊಡುವ ಬದಲು ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ ಕೊಡು. ಒಟ್ಟು ಹೊತ್ತು ಅಷ್ಟೇ, ಉಳಿಯುವುದು ಜಾಸ್ತಿ.

ಕನ್ನಡ ಮೀಡಿಯಂ ವಿಷಯ. ಇದನ್ನು ನಮ್ಮ ಕಡೆಯ ಮಕ್ಕಳು ದೊಡ್ಡ ಕೊರತೆ ಅಂತ ಎದೆಯಲ್ಲಿ ಇಟ್ಟುಕೊಂಡಿರುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಪದವಿ ತರಗತಿಗಳಲ್ಲಿ ಇಂಥ ಮಕ್ಕಳು ತುಂಬಾ ಇದ್ದಾರೆ. ಅರ್ಥವಾಗದ ಇಂಗ್ಲಿಷ್ ಸಾಲನ್ನು ಹಾಗೇ ಉರು ಹೊಡೆಯಬೇಡ, ಒಂದು ಪದ ತಪ್ಪಿದರೆ ಇಡೀ ಉತ್ತರ ಕೈಬಿಡುತ್ತದೆ. ವಿಷಯವನ್ನು ಮೊದಲು ಕನ್ನಡದಲ್ಲಿ, ನಿನ್ನ ಮನೆಮಾತಿನಲ್ಲಿ ಬಿಡಿಸಿಕೋ. ಅರ್ಥಶಾಸ್ತ್ರದಲ್ಲಿ ಪೂರೈಕೆ ಪಾಠ ಇದೆಯಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಗೆ ಆವಕ ಜಾಸ್ತಿಯಾದಾಗ ದರ ಯಾಕೆ ಬೀಳುತ್ತದೆ ಅಂತ ನಿಮ್ಮ ತಂದೆಗೆ ಹೇಳುವ ಹಾಗೆ ಹೇಳಿ ನೋಡು. ಕೊಳ್ಳುವವರು ಅಷ್ಟೇ ಇದ್ದಾರೆ, ಮಾರುವ ಮಾಲು ಹೆಚ್ಚಿತು, ಆದ್ದರಿಂದ ದರ ಇಳಿಯಿತು. ಬೆಳೆ ಚೆನ್ನಾಗಿ ಬಂದ ವರ್ಷವೇ ರೈತನ ಕೈಗೆ ದುಡ್ಡು ಕಡಿಮೆ ಬರಬಹುದು, ಅದು ಹೇಗೆ? ದರ ಎಷ್ಟೇ ಇಳಿದರೂ ಜನ ಕೊಳ್ಳುವುದು ಅಷ್ಟಾಗಿ ಹೆಚ್ಚುವುದಿಲ್ಲವಾದರೆ ಹಾಗಾಗುತ್ತದೆ. ಇದು ಇನ್‌ಎಲಾಸ್ಟಿಕ್ ಡಿಮ್ಯಾಂಡ್ ಪಾಠ. ಇಷ್ಟು ಬಾಯಲ್ಲಿ ಬಂದರೆ ವಿಷಯ ನಿನ್ನದಾಯಿತು.

ಆದರೆ ಅಲ್ಲಿಗೇ ನಿಲ್ಲಿಸಬೇಡ. ನೀನು ಇಂಗ್ಲಿಷಿನಲ್ಲಿ ಉತ್ತರ ಬರೆಯುವುದಾದರೆ ಅಭ್ಯಾಸದ ಬರವಣಿಗೆಯೂ ಇಂಗ್ಲಿಷಿನಲ್ಲೇ ಆಗಬೇಕು. ಪ್ರತಿ ಉತ್ತರಕ್ಕೆ ಬೇಕಾದ ಏಳೆಂಟು ಮುಖ್ಯ ಪದಗಳನ್ನು ಚೀಟಿಯಲ್ಲಿ ಕಲಿ. ಅವನ್ನಿಟ್ಟುಕೊಂಡು ನಿನ್ನದೇ ಸಣ್ಣ ವಾಕ್ಯ ಕಟ್ಟು. ಮೌಲ್ಯಮಾಪಕರು ಹುಡುಕುವುದು ಆ ಪದಗಳನ್ನು, ಸರಿಯಾದ ಚಿತ್ರವನ್ನು, ಒಂದು ಉದಾಹರಣೆಯನ್ನು. ಅಲಂಕಾರದ ಇಂಗ್ಲಿಷನ್ನಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಾ ಅಂದರೆ, ಹನ್ನೊಂದಕ್ಕೆ ಮಲಗುವವಳು ಏಳಬಾರದು. ಐದು ಗಂಟೆ ನಿದ್ದೆಯಲ್ಲಿ ಓದಿದ್ದು ನಿಲ್ಲುವುದಿಲ್ಲ. ದಿನದಲ್ಲಿ ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಒಂಬತ್ತಕ್ಕೆ ಮಲಗಲು ಮನೆಯಲ್ಲಿ ಬಿಟ್ಟರೆ ನಾಲ್ಕಕ್ಕೆ ಏಳು, ಬೆಳಗಿನ ನಿಶ್ಶಬ್ದ ಒಳ್ಳೆಯದೇ. ಇಲ್ಲದಿದ್ದರೆ ರಾತ್ರಿ ಓದು. ಹೊತ್ತು ಯಾವುದಾದರೂ ಏಳು ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. ಹಿರಿಯರು ಒಳ್ಳೆಯದಕ್ಕೇ ಹೇಳುತ್ತಾರೆ. ಈ ಪುಟ ಅವರಿಗೆ ಓದಿ ಹೇಳು.

ಫೋನನ್ನು ಓದುವ ಕೋಣೆಯಲ್ಲಿ ಇಡಬೇಡ. ಪಕ್ಕದ ಕೋಣೆಯಲ್ಲಿ ಅಮ್ಮನ ಹತ್ತಿರ ಇರಲಿ. ನಲವತ್ತು ನಿಮಿಷ ಓದು, ಹತ್ತು ನಿಮಿಷ ಎದ್ದು ಓಡಾಡು. ಯಾರ ಜೊತೆಗಾದರೂ ಓದುವುದಿದ್ದರೆ ಒಟ್ಟಿಗೆ ಕೂತು ಮೌನವಾಗಿ ಓದುವುದಕ್ಕಿಂತ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳಿ. ಕ್ಲಾಸ್ ಮಧ್ಯೆ ಖಾಲಿ ಪೀರಿಯಡ್ ಸಿಕ್ಕಾಗ ಹೀಗೆ ಮಾಡಿದರೆ ಮನೆಗೆ ಹೊರೆ ಕಡಿಮೆಯಾಗುತ್ತದೆ.

ಐದು ವಾರಕ್ಕೆ ಹೀಗೆ ಮಾಡು. ಮೊದಲ ಎರಡು ವಾರ ಎಲ್ಲ ವಿಷಯಗಳ ಎಲ್ಲ ಯೂನಿಟ್‌ಗಳನ್ನೂ ಒಮ್ಮೆ ಮುಚ್ಚಿ ಬರೆಯುವ ರೀತಿಯಲ್ಲಿ ಮುಗಿಸು. ದಿನಕ್ಕೆ ಎರಡು ವಿಷಯ, ಅದರಲ್ಲಿ ಒಂದು ಯಾವಾಗಲೂ ಅಕೌಂಟ್ಸ್, ಎರಡೇ ಲೆಕ್ಕವಾದರೂ ಸರಿ. ಬಾಕಿ ಪೇಪರಿನ ಲೆಕ್ಕ, ಈ ಸೆಮಿಸ್ಟರಿನ ಲೆಕ್ಕ ಎರಡನ್ನೂ ಬದಲಿಸಿ ಬದಲಿಸಿ ಹಾಕಿಕೋ. ಮೂರನೇ ವಾರ ಬೇರೆ ಬಣ್ಣದ ಪೆನ್ನಿನ ಸಾಲುಗಳು ಮಾತ್ರ. ನಾಲ್ಕನೇ ವಾರ ದಿನ ಬಿಟ್ಟು ದಿನ ಒಂದು ಹಳೇ ಪ್ರಶ್ನೆಪತ್ರಿಕೆ, ಪೂರ್ತಿ ಹೊತ್ತು ಕೂತು. ಐದನೇ ವಾರ ತಪ್ಪಿದ ಜಾಗಗಳು, ಚೀಟಿಯ ಮೊದಲ ಕಟ್ಟು. 'ಪಾಸಿಂಗ್ ಪ್ಯಾಕೇಜ್' ಅಂತ ಯಾರಾದರೂ ಹತ್ತು ಪ್ರಶ್ನೆ ಕೊಟ್ಟರೆ ಅವನ್ನೂ ಬರೆದು ನೋಡು, ಅದರ ಮೇಲೇ ಭಾರ ಹಾಕಬೇಡ.

ಹಾಲ್‌ನಲ್ಲಿ ಪ್ರಶ್ನೆ ನೋಡಿ ತಲೆ ಖಾಲಿ ಅನಿಸಿದರೆ ಗಾಬರಿಯಾಗಬೇಡ. ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡು. ಕಷ್ಟದ್ದಕ್ಕೆ ಜಾಗ ಬಿಟ್ಟು ಮುಂದೆ ಹೋಗು. ವಾಪಸ್ ಬಂದಾಗ ಆ ವಿಷಯದ ಒಂದೇ ಒಂದು ಪದ ಬರೆದು, ಅದರ ಪಕ್ಕ ಏನಿತ್ತು ಅಂತ ಕೇಳಿಕೋ. ಮನೆಯಲ್ಲಿ ಖಾಲಿ ಹಾಳೆ ಮುಂದೆ ಕೂತು ಒದ್ದಾಡಿದವಳಿಗೆ ಇದು ಹೊಸದಾಗಿರುವುದಿಲ್ಲ.

ಇನ್ನೊಂದು ಕೆಲಸ ನಾಳೆಯೇ ಮಾಡು. ಮುಚ್ಚಿ ಬರೆದಾಗ ನಿಂತುಹೋದ ಲೆಕ್ಕ ಯಾವುದೋ, ಆ ಹಾಳೆಯನ್ನೇ ತಗೊಂಡು ನಿಮ್ಮ ಅಕೌಂಟ್ಸ್ ಮೇಷ್ಟ್ರ ಹತ್ತಿರ ಹೋಗು. 'ಸರ್, ನನಗೆ ಅಕೌಂಟ್ಸ್ ಅರ್ಥ ಆಗಲ್ಲ' ಅಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. 'ಇಲ್ಲಿವರೆಗೆ ಮಾಡಿದ್ದೇನೆ, ಈ ಸಾಲಿನಲ್ಲಿ ಮೆಷಿನ್ ಮಾರಿದಾಗ ಬಂದ ನಷ್ಟವನ್ನು ಎಲ್ಲಿಗೆ ಹಾಕಬೇಕು ಗೊತ್ತಾಗಲಿಲ್ಲ' ಅಂತ ಬೆರಳಿಟ್ಟು ತೋರಿಸಿದರೆ ಸ್ಟಾಫ್ ರೂಮಿನಲ್ಲಿ ನಿಂತಲ್ಲೇ ಐದು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ.